ಹತ್ತು ಉಸಿರಿನ ಹೊತ್ತು

ಹೋದ ಸೋಮವಾರ ಮಾನ್ವಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಸಕ್ಕರೆ ಹಂಚಿ ಬಂದೆ. ಕೈಯಲ್ಲಿ ಡಬ್ಬಿ ಇತ್ತು, ಕಾಲಲ್ಲಿ ಚಪ್ಪಲಿ ಕೂಡ ಇಲ್ಲ. ಮೂಲೆಮನೆಯ ಮುದುಕಿ ಬಾಗಿಲಲ್ಲೇ ತಡೆದು ಕೇಳಿದಳು: "ಏನ್ ಬೇ, ಯಾರು ಹಡೆದ್ರು? ಗಂಡೋ ಹೆಣ್ಣೋ?"

"ಕೂಸಲ್ಲ ಬೇ, ಮಾತು ಹುಟ್ಯಾದ! ನನ್ನ ಮೊಮ್ಮಗ ಮಾತಾಡ್ಯಾನ!"

"ಅದಕ್ಕ ಇಷ್ಟು ಕುಣ್ಯಾಕತ್ತೀದಿ? ಊರಾನ ಕೂಸೆಲ್ಲ ಮಾತಾಡ್ತಾವ. ನಾಳಿ ಸುಮ್ಕಿರೋ ಯಪ್ಪಾ ಅಂತ ನೀನ ಕೈ ಮುಗೀತಿ ನೋಡು" ಎಂದಳು. ಹಂಗಂದರೂ ಸಕ್ಕರೆಗೆ ಎರಡು ಸಲ ಕೈ ಚಾಚಿದಳು.

ಊರಿನ ಕೂಸೆಲ್ಲ ಮಾತಾಡುತ್ತವೆ, ನಿಜ. ಆದರೆ ಒಂದು ಕೂಸಿನ ಬಾಯಿ ನೋಡುತ್ತಾ ವರ್ಷಗಟ್ಟಲೆ ಕೂತವಳಿಗೆ ಅದು ಏನು ಎಂದು ಗೊತ್ತು. ನನ್ನ ಮೊಮ್ಮಗನಿಗೆ ಒಂದೂವರೆ ವರ್ಷ. ಅವತ್ತು ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಅವನಿಗೆ ಏನೋ ಹೇಳುತ್ತಿದ್ದೆ. ಗುಬ್ಬಿ ಬಂತು, ಕಾಳು ತಿಂತು, ಗೋಡಿ ಮ್ಯಾಲ ಕುಂತಿತು ಎಂದು ನಿಲ್ಲಿಸಿದೆ. ಅವನು ನನ್ನ ಮೊಣಕಾಲ ಮೇಲೆ ಎರಡೂ ಕೈಯಿಟ್ಟು, ನನ್ನ ಮುಖವನ್ನೇ ನೋಡಿ, "ಆಮ್ಯಾ?" ಎಂದ.

ಆಮ್ಯಾಗ? ಆಮೇಲೆ ಏನಾಯಿತು? ಕಡೆಯ ಅಕ್ಷರ ನುಂಗಿದ್ದ, ಅಷ್ಟೆ. ಅವ್ವ ಅಲ್ಲ, ಅಪ್ಪ ಅಲ್ಲ, ಮೊದಲ ಮಾತೇ ಅದು! ಎತ್ತಿಕೊಂಡು ಅಂಗಳದ ಸುತ್ತ ಎರಡು ಸುತ್ತು ಓಡಿದೆ. ಮೂರನೇ ಸುತ್ತಿಗೆ ನನ್ನ ಕಾಲು ಸೋತವು. ಅವನು ಆ ಮಾತನ್ನು ಎಳೆದು ಮೇಲಕ್ಕೆತ್ತಿ ಬಿಟ್ಟ ರೀತಿ ನನ್ನ ತವರಿನದಲ್ಲ, ಗಂಡನ ಮನೆಯದಲ್ಲ. ಅದು ಯಾರ ಬಾಯಿಯದು ಎಂದು ನನಗೆ ಗೊತ್ತು. ಆಕೆ ಸತ್ತು ಹತ್ತು ವರ್ಷದ ಮೇಲಾಯಿತು.

ಆಕೆಯ ಹೆಸರು ಬರೆಯುವುದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಮಿಲ್ಲಿನಲ್ಲಿ ನಾವು ಯಾರೂ ಹೆಸರು ಹಿಡಿದು ಕರೆದವರಲ್ಲ, ದೇವದುರ್ಗದಾಕಿ ಎನ್ನುತ್ತಿದ್ದೆವು. ನಾನು ಓದಿದ್ದು ಮೂರನೇ ಕ್ಲಾಸು. ಆಕೆಯದು ಅಷ್ಟೂ ಇಲ್ಲ. ಇಬ್ಬರು ಮಿಲ್ಲಿನ ಹೆಣ್ಣುಮಕ್ಕಳ ಕಥೆ ಯಾರಿಗೆ ಬೇಕು ಎಂದು ಇಷ್ಟು ವರ್ಷ ಸುಮ್ಮನಿದ್ದೆ.

ಆಗ ನಾವು ರಾಯಚೂರಿನಲ್ಲಿದ್ದೆವು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಗಂಜಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ, ನಾನು ಹತ್ತಿ ಮಿಲ್ಲಿನಲ್ಲಿ. ಸಾಲಾಗಿ ನಿಂತ ಯಂತ್ರಗಳ ಬಾಯಿಗೆ ಹತ್ತಿ ಹಾಕುತ್ತಾ ಹೋಗುವುದು ನಮ್ಮ ಕೆಲಸ. ಕಾಳು ಕೆಳಗೆ ಉದುರುತ್ತದೆ, ಅರಳೆ ಮುಂದೆ ಬರುತ್ತದೆ. ಎಲ್ಲ ಯಂತ್ರ ಒಮ್ಮೆಗೇ ತಿರುಗಿದರೆ ಪಕ್ಕದವಳ ಕಿವಿಗೆ ಬಾಯಿಟ್ಟು ಒದರಿದರೂ ಕೇಳುವುದಿಲ್ಲ. ಬಾಯಿ ತೆರೆದರೆ ಗಂಟಲ ತುಂಬ ಹತ್ತಿಯ ಧೂಳು. ಅದಕ್ಕೇ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಕೈಯಲ್ಲೇ ಮಾತಾಡುತ್ತಿದ್ದೆವು. ಹೆಬ್ಬೆರಳು ಬಾಯಿಗೆ ತೋರಿಸಿದರೆ ನೀರು. ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದರೆ ಊಟ. ಎರಡು ಮುಂಗೈ ಒಂದರ ಮೇಲೊಂದು ಇಟ್ಟರೆ ಕೆಲಸ ಮುಗಿಯಿತು. ಮೀಸೆ ತಿರುವಿದರೆ ಮುನೀಮ ಬರುತ್ತಿದ್ದಾನೆ, ಹುಷಾರ್. ಯಾರ ಮನೆಯಲ್ಲಿ ಅತ್ತೆ ಜಗಳ, ಯಾರ ಮಗಳಿಗೆ ವರ ಬಂತು, ಎಲ್ಲ ಸುದ್ದಿಯೂ ಕೈಯಲ್ಲೇ. ನಗುವುದು ಕಣ್ಣಲ್ಲಿ.

ಎಳೆ ಕೂಸುಗಳನ್ನು ಹತ್ತಿಯ ರಾಶಿಯ ಪಕ್ಕದಲ್ಲೇ ಮಲಗಿಸುತ್ತಿದ್ದೆವು. ನನ್ನ ಮಗಳು ಆ ಗದ್ದಲದಲ್ಲೇ ಬೆಳೆದಳು. ಮನೆಗೆ ಬಂದರೂ ನನ್ನ ಕಿವಿಯಲ್ಲಿ ಯಂತ್ರ ತಿರುಗುತ್ತಲೇ ಇರುತ್ತಿತ್ತು. ಗಂಟಲು ಒಣಗಿ ಬಾಯಿ ಬಿಡಲು ಬೇಸರ. ಮಗಳಿಗೂ ಕೈಯಲ್ಲೇ ಹೇಳುತ್ತಿದ್ದೆ, ಬಾ, ಉಣ್ಣು, ಮಲಗು. ಅವಳೂ ಕೈಯಲ್ಲೇ ಕೇಳುತ್ತಿದ್ದಳು. ಎಷ್ಟು ಶಾಣ್ಯಾಕಿ ನನ್ನ ಕೂಸು ಎಂದು ಹಿಗ್ಗುತ್ತಿದ್ದೆ. ಎರಡೂವರೆ ವರ್ಷವಾದರೂ ಅವಳ ಬಾಯಿಂದ ಒಂದು 'ಅವ್ವಾ' ಬಂದಿಲ್ಲ ಎನ್ನುವುದು ಓಣಿಯವರು 'ಮೂಕಿ' ಎಂದ ದಿನವೇ ನನಗೆ ಹೊಳೆದದ್ದು.

ಮಾಡದ್ದಿಲ್ಲ. ಬಜೆಯ ಬೇರು ತೇಯ್ದು ನಾಲಿಗೆಗೆ ಸವರಿದೆ. ನೀರಮಾನ್ವಿಯ ಎಲ್ಲಮ್ಮನಿಗೆ ಹರಕೆ ಹೊತ್ತು ಹೋಗಿ, ಗಂಟೆಯನ್ನು ಬಾಯಿ ಮೇಲಾಗಿ ಹಿಡಿಸಿ ಅದರಲ್ಲಿ ನೀರು ಹಾಕಿ ಕುಡಿಸಿದೆ. ಪೂಜಾರಿಗೆ ಭರ್ಜರಿ ಮೀಸೆ. ನನ್ನ ಮಗಳು ಅವನನ್ನು ನೋಡಿದವಳೇ ಬೆರಳಿನಲ್ಲಿ ತನ್ನ ಇಲ್ಲದ ಮೀಸೆ ತಿರುವಿ, ನನ್ನ ಸೆರಗು ಎಳೆದು ಎಚ್ಚರಿಸಿದಳು. ಪೂಜಾರಿ ನಕ್ಕ. "ಈಕಿ ಮೂಕಿ ಅಲ್ಲವ್ವ, ಕಿಡಿಗೇಡಿ" ಎಂದ. ಅಲ್ಲಿ ನಾನೂ ನಕ್ಕೆ. ಬಸ್ಸಿನಲ್ಲಿ ಕೂತು ಅತ್ತೆ.

ಆ ವರ್ಷವೇ ಮಿಲ್ಲಿನವರು ಹಿಂದಿನ ಗೋದಾಮಿನ ಪಕ್ಕ ಕೂಸುಗಳಿಗೆಂದು ಒಂದು ಖೋಲಿ ಮಾಡಿ, ನೋಡಿಕೊಳ್ಳಲು ದೇವದುರ್ಗದಾಕೆಯನ್ನು ಇಟ್ಟರು. ಕುಳ್ಳಗೆ, ಕಪ್ಪಗೆ, ಒಂದು ಕಿವಿಯ ತೂತು ಹರಿದಿತ್ತು. ಬಾಯಿ ಒಂದು ಕ್ಷಣ ಮುಚ್ಚುತ್ತಿರಲಿಲ್ಲ. ಮೊದಲ ದಿನವೇ ನನ್ನ ಮಗಳ ಬೆನ್ನ ಹಿಂದೆ ಒಂದು ತಾಟು ಕೆಡವಿದಳು. ಮಗಳು ಬೆಚ್ಚಿ ತಿರುಗಿದಳು.

"ಕಿವಿ ಭಾಳ ಚುರುಕು ಅದಾವ ಈಕಿವು" ಎಂದಳು.

"ಮತ್ತ ಮಾತ್ಯಾಕಿಲ್ಲ?"

"ಯಾರ ಕೂಡ ಆಡಬೇಕು ಬೇ? ಮನ್ಯಾಗ ನೀ ಮಾತಾಡ್ತೀಯೇನು?"

ಆಕೆ ನನ್ನನ್ನು ನೋಡಿ ನಕ್ಕಳು. "ಆಕಿ ಮೂಕಿ ಅಲ್ಲ. ನೀನು ಮನ್ಯಾಗೂ ಮಿಲ್ಲು ನಡಸಾಕತ್ತೀದಿ."

ಹತ್ತು ಹೆಣ್ಣುಮಕ್ಕಳ ಮುಂದೆ ಅಂದ ಮಾತು ಅದು. ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು.

ಆಕೆ ಕೆಲಸ ಮಾಡುವ ರೀತಿ ನೋಡಿದರೆ ನಗು ಬರುತ್ತಿತ್ತು. ಗೋಣಿಚೀಲ ಹಾಸಿ, ಅಷ್ಟು ವಯಸ್ಸಿನ ಹೆಂಗಸು ಬೋರಲು ಮಲಗಿಬಿಡುತ್ತಿದ್ದಳು. ಯಾಕೆ ಎಂದರೆ, "ಕೂಸಿನ ಮಾರಿ ಎಲ್ಲಿರ್ತದೋ ನನ್ನ ಮಾರಿನೂ ಅಲ್ಲೇ ಇರಬೇಕು" ಎನ್ನುತ್ತಾ ಕೂಸಿನ ಮುಖಕ್ಕೆ ಮುಖ ಕೊಡುತ್ತಿದ್ದಳು. ಕೂಸು ಏನನ್ನು ನೋಡುತ್ತದೋ ಅದರ ಮಾತೇ ಆಡುತ್ತಿದ್ದಳು. ಇರುವೆ ಹೊಂಟದ, ಇರುವೆ ಸಕ್ರಿ ಒಯ್ದಾದ, ಬಿದ್ದಿತು ನೋಡು ಸಕ್ರಿ. ಕಸ ಹೊಡೆಯುವಾಗ ಕಸಬರಿಗೆಯ ಜೊತೆ ಮಾತು. ಅಂಗಿ ತೊಡಿಸುವಾಗ, ಈ ಕೈ ಎಲ್ಲಿ ಹೋತು, ಇಲ್ಲಿ ಬಂತು. ನಮ್ಮ ಮಕ್ಕಳ ಕೈಮಾತನ್ನು ಆಕೆ ಎಂದೂ ಬಿಡಿಸಲಿಲ್ಲ. ನನ್ನ ಮಗಳು ಹೆಬ್ಬೆರಳು ತೋರಿಸಿದರೆ ತಾನೂ ತೋರಿಸುವಳು, ಜೊತೆಗೆ "ನೀರ, ನೀರ ಬೇಕೇನು" ಎನ್ನುವಳು. ಯಾವುದಾದರೂ ಕೂಸು 'ನೀ' ಎಂದರೆ ಸಾಕು, "ಹ್ಞಾಂ, ನೀರ. ತಣ್ಣನ್ನ ನೀರ" ಎಂದು ಒಂದು ಮಾತು ತಾನು ಕೂಡಿಸಿ ಕೊಡುವಳು.

ನಾವು ಊಟದ ಹೊತ್ತಿಗೆ ಹೋಗಿ, "ಅವ್ವ ಅನ್ನು, ಅನ್ನಲೇ, ಬೆಲ್ಲ ಕೊಡ್ತೀನಿ" ಎಂದರೆ ಬೈಯುತ್ತಿದ್ದಳು. "ಕೂಸಿಗೆ ಪರೀಕ್ಷಾ ಇಡಬ್ಯಾಡ್ರೇ. ನೀವು ಆಡ್ರಿ. ಆಡಿ ಸುಮ್ಕ ಕುಂದರ್ರಿ."

ಸುಮ್ಮನೆ ಕೂಡುವುದು, ಅದೇ ಆಕೆಯ ದೊಡ್ಡ ವಿದ್ಯೆ. ಅಷ್ಟು ಮಾತಾಡುವ ಹೆಂಗಸು ಒಂದು ಮಾತು ಹೇಳಿ ಥಟ್ಟನೆ ನಿಂತುಬಿಡುತ್ತಿದ್ದಳು. ಹುಬ್ಬು ಮೇಲಕ್ಕೆ, ಬಾಯಿ ಮುಚ್ಚಿ, ಕಣ್ಣು ಕೂಸಿನ ಮೇಲೆ. ಕೂಸು 'ಬಾ' ಎನ್ನಲಿ, 'ಗೂ' ಎನ್ನಲಿ, ಬರೀ ಕಾಲು ಆಡಿಸಲಿ, "ಹಂಗೇನು?" ಎನ್ನುವಳು. ಆಮೇಲೆ ತಲೆ ಒಂದು ಕಡೆ ವಾಲಿಸಿ, ಎಳೆದು ಮೇಲಕ್ಕೆತ್ತಿ, "ಆಮ್ಯಾಗ?" ಜಿಲ್ಲಾ ಸಾಹೇಬರೇ ಏನೋ ಮುಖ್ಯ ವಿಷಯ ಹೇಳುತ್ತಿದ್ದಾರೆ ಎನ್ನುವ ಹಾಗೆ ಮತ್ತೆ ಕಾಯುವಳು.

"ಇದನ್ನೆಲ್ಲ ಯಾರು ಕಲಿಸಿದ್ರು ಬೇ ನಿನಗ?" ಎಂದು ಒಬ್ಬಳು ಕೇಳಿದ್ದಳು.

"ನಮ್ಮವ್ವಗ ಕಣ್ಣಿರಲಿಲ್ಲ. ಬಿಸಿಲು ಗ್ವಾಡಿಗೆ ಬಂತು, ಆಡು ಬೇಲಿ ತಿನ್ನಾಕತ್ತಾದ, ಮಾಮ ನಕ್ಕೋತ ಬರಾಕತ್ತಾನ, ಎಲ್ಲಾ ಬಾಯಿಲೇ ತೋರಿಸಬೇಕಿತ್ತು. ತೋರಿಸಿ ಸುಮ್ಕಾಗ್ತಿದ್ದೆ. ಆಕಿ ಒಳಗ ನೋಡ್ಕೊಂಡು ಆಮ್ಯಾಗ ಅಂತಿದ್ಲು. ಕೂಸುಗಳೂ ಹಂಗೇ."

ಈಗ ನಾನು ಮಾಡಿದ್ದನ್ನು ಬರೆಯಬೇಕು.

ಒಂದು ದಿನ ಯಂತ್ರಗಳನ್ನು ತಿರುಗಿಸುವ ದೊಡ್ಡ ಪಟ್ಟಾ ಹರಿದು ಎಲ್ಲ ಯಂತ್ರ ನಿಂತವು. ಊಟದ ಸೀಟಿಗೆ ಇನ್ನೂ ಹೊತ್ತಿತ್ತು. ಕಿವಿಗೆ ಹತ್ತಿ ತುರುಕಿದಂಥ ಮೌನ. ಆ ಮೌನದಲ್ಲಿ ನನ್ನ ಮಗಳ ಅಳು ಕೇಳಿಸಿತು. ಅದೇ ಮಿಲ್ಲಿನಲ್ಲಿ ಎರಡೂವರೆ ವರ್ಷ ಅತ್ತವಳು, ಆ ಅಳು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಓಡಿದೆ. ಖೋಲಿಯಲ್ಲಿ ಮಗಳು ಐದೂ ಬೆರಳು ಕೂಡಿಸಿ ಮತ್ತೆ ಮತ್ತೆ ಬಾಯಿಗೆ ಒಯ್ಯುತ್ತಾ ಅಳುತ್ತಿದ್ದಳು. ಎದುರಿಗೆ ದೇವದುರ್ಗದಾಕೆ ಮೊಣಕಾಲೂರಿ ಕೂತಿದ್ದಾಳೆ. ಕೈಯಲ್ಲಿ ಅಂಬಲಿಯ ಚಮಚ, ತನ್ನ ಮುಖದ ಹತ್ತಿರ ಎತ್ತಿ ಹಿಡಿದಿದ್ದಾಳೆ. ಕೊಡುವುದಿಲ್ಲ, ಅಲುಗುವುದಿಲ್ಲ, ಬಾಯಿ ಬಿಡುವುದಿಲ್ಲ. ನೋಡುತ್ತಾ ಕೂತಿದ್ದಾಳೆ.

ಮಗಳನ್ನು ಕಸಿದುಕೊಂಡೆ. "ಹಸಿದ ಕೂಸಿನ ಮುಂದ ಅಂಬಲಿ ಹಿಡಿದು ಆಟ ಆಡ್ತೀಯೇನು? ಹೆಣ್ಣೇನು ನೀನು?"

"ಎಂಟಾಗಿದ್ದವು ಬೇ" ಎಂದಳು ಮೆಲ್ಲಗೆ. "ಇನ್ನೆರಡು ಉಸಿರು. ಬಾಯಿ ತೆರ್ಯಾಕತ್ತಿದ್ಲು."

ಯಾವ ಎಂಟು, ಯಾವ ಉಸಿರು, ನಾನು ಕೇಳಲಿಲ್ಲ. ಸೀದಾ ಮುನೀಮನ ಹತ್ತಿರ ಹೋಗಿ ಹೇಳಿದೆ. ಕೂಸುಗಳಿಗೆ ಉಣಿಸದೆ ಅಳಿಸುತ್ತಾಳೆ ಎಂದೆ. ಒಂದು ಕೂಸಿಗೆ ಒಂದು ದಿನ ಕಂಡದ್ದನ್ನು ಎಲ್ಲ ಕೂಸುಗಳಿಗೆ ದಿನಾಲೂ ಎಂದು ಮಾಡಿ ಹೇಳಿದೆ. ಅವನು ತಲೆಯನ್ನೂ ಎತ್ತಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಆಕೆಗೆ ಹೇಳಿ ಕಳಿಸಿದ.

ಹಸಿವು, ಅಳು, ಅವೆಲ್ಲ ಮೇಲಿನ ಕಾರಣ. ಒಳಗಿನದು ಬೇರೆ. ನನ್ನ ಮಗಳು ನನ್ನನ್ನು ಕಂಡರೆ ಕೈ ಆಡಿಸುತ್ತಿದ್ದಳು, ಆಕೆಯನ್ನು ಕಂಡರೆ ಬಾಯಿ ತೆರೆಯುತ್ತಿದ್ದಳು. ಎಷ್ಟೋ ದಿನದಿಂದ ನಾನು ಅದನ್ನು ನೋಡುತ್ತಿದ್ದೆ. ಮೊದಲ ಮಾತು ಆಕೆಯ ಮುಂದೆ ಬಂದುಬಿಟ್ಟರೆ ಎಂಬ ಹೆದರಿಕೆ ನನಗಿತ್ತು.

ಸಂಜೆ ಆಕೆ ಗಂಟು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಖೋಲಿಯಲ್ಲಿ ಮರೆತಿದ್ದ ಮಗಳ ಕುಲಾಯಿ, ತಲೆಗೆ ಕಟ್ಟುವ ಟೋಪಿ, ತಂದಿದ್ದಳು. ನನ್ನ ಕೈಗೆ ಕೊಟ್ಟು, "ಕೂಸಿನ ಮಾತು ಬಾಗಲತನಕ ಬಂದದರೀ. ಆಕಿ ಕೂಡ ಮಾತಾಡ್ರಿ" ಎಂದಳು. ಅಲ್ಲಿಯವರೆಗೆ 'ಬೇ' ಎನ್ನುತ್ತಿದ್ದವಳು ಅವತ್ತು 'ರೀ' ಎಂದಳು. ಬೈದಿದ್ದರೆ ನಾನು ಮರೆಯುತ್ತಿದ್ದೆ.

ಆ ವಾರವೆಲ್ಲ ಹಟ ಹಿಡಿದವಳ ಹಾಗೆ ಮಗಳ ಜೊತೆ ಮಾತಾಡಿದೆ. ನನಗೇನು ಬಾಯಿಲ್ಲವೇ ಎಂದು. ಒಂದು ಸಂಜೆ ಹೊಸ್ತಿಲ ಮೇಲೆ ಅವಳನ್ನು ಎದುರಿಗೆ ಕೂಡಿಸಿಕೊಂಡು, ಸಂತಿಗೆ ಹೋದೆ, ಹಸಿಮೆಣಸಿನಕಾಯಿ ತಂದೆ, ಒಂದು ಎತ್ತು ಅಡ್ಡ ಬಂತು ಎನ್ನುತ್ತಿದ್ದೆ. ಧೂಳಿನ ಕೆಮ್ಮು ಬಂದು ಮಾತು ನಿಂತಿತು. ಕೆಮ್ಮು ಮುಗಿಯುವವರೆಗೂ ಮಗಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತಲೆ ಒಂದು ಕಡೆ ವಾಲಿಸಿ ಅಂದಳು:

"ಆಮ್ಯಾಗ?"

ಯಜಮಾನರು ಗಂಜಿನಿಂದ ಬಂದವರು ಬಾಗಿಲಲ್ಲೇ ಕುಣಿದರು. "ಎತ್ತು ಏನ್ ಮಾಡಿತು ಹೇಳಲೇ, ಕೂಸು ಕೇಳಾಕತ್ತಾದ!" ಎಂದು ನನ್ನ ಬೆನ್ನಿಗೆ ಗುದ್ದಿದರು. ನನಗೆ ಎತ್ತು ಮರೆತೇಹೋಗಿತ್ತು. ಆ ಕೂಸಿನ ಬಾಯಲ್ಲಿ ದೇವದುರ್ಗದಾಕೆ ಕೂತು ನನ್ನನ್ನು ಕೇಳಿದ ಹಾಗಿತ್ತು.

ಮರುದಿನ ಮಿಲ್ಲಿನಲ್ಲಿ ಜೊತೆಗಾತಿಯೊಬ್ಬಳು ಊಟಕ್ಕೆ ಕೂತಾಗ ಹೇಳಿದಳು. "ಹತ್ತು ಉಸಿರು ಕಾಯ್ತಿದ್ಲು ಬೇ, ಅಷ್ಟ. ಕೂಸು ಮಾತಾಡಲಿ ಬಿಡಲಿ, ಹತ್ತಕ್ಕ ಕೊಟ್ಟೇ ಬಿಡ್ತಿದ್ಲು. ನನ್ನ ಮಗನ ಬಾಯಿ ಹಂಗೇ ಬಂತು. ನಿನಗ ಹೇಳಿರಲಿಲ್ಲೇನು?"

ಹೇಳಲು ಬಂದಿದ್ದಳು. ನಾನೇ ಬಿಟ್ಟಿರಲಿಲ್ಲ. ಮುನೀಮನ ಹತ್ತಿರ ಹೋಗಿ ನನ್ನದು ತಪ್ಪಾಯಿತು ಎನ್ನಬೇಕಿತ್ತು. ನಾಳೆ ಹೋದರಾಯಿತು ಎನ್ನುತ್ತಾ ದಿನ ಹೋದವು. ಖೋಲಿಗೆ ಬೇರೆಯವಳು ಬಂದಳು, ಮಕ್ಕಳನ್ನು ಮಲಗಿಸಿ ತಾನೂ ಮಲಗುವವಳು. ಮಗಳು ಮಾತು ಕಲಿತು ದೊಡ್ಡವಳಾಗುತ್ತಾ ಕೇಳಿದಳು, ಆ ಆಯಾ ಯಾಕ ಹೋದ್ಲು ಎಂದು. ತನ್ನ ಊರಿಗೆ ಹೋದಳು ಎಂದೆ. ಸುಳ್ಳಲ್ಲ, ಊರಿಗೇ ಹೋಗಿದ್ದಳು.

ಮಗಳಿಗೆ ಏಳು ವರ್ಷವಿದ್ದಾಗ ಮನಸ್ಸು ತಡೆಯದೆ ದೇವದುರ್ಗಕ್ಕೆ ಹೋದೆ. ಮಗಳನ್ನೂ ಕರೆದೊಯ್ದೆ. ಅದೇ ತಾಲೂಕಿನ ಜಾಲಹಳ್ಳಿಗೆ ಹೋಗುವ ಬಸ್ಸು ನಮ್ಮನ್ನು ಇಳಿಸಿ ಮುಂದೆ ಹೋಯಿತು. ಹರಿದ ಕಿವಿಯ ಗುರುತು ಹೇಳಿ ಮನೆ ಹುಡುಕಿದೆವು. ತಂಗಿಯ ಮಗಳ ಮನೆಯ ಪಡಸಾಲೆಯಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದಳು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತೂ ಹೋಗಿತ್ತು.

"ಎಲ್ಲಾ ತಿಳೀತದರೀ, ಬಾಯಿಲೆ ಬರಂಗಿಲ್ಲ" ಎಂದಳು ತಂಗಿಯ ಮಗಳು.

ನನ್ನ ಮಗಳಿಗೆ ಅದ್ಯಾವುದರ ಗೊಡವೆಯೂ ಇಲ್ಲ. ಎದುರಿಗೆ ಕೂತು ಶುರುಮಾಡಿದಳು. ಸಾಲಿ, ಮಾಸ್ತರು, ತನ್ನ ಜಗಳ, ಬಸ್ಸಿನಲ್ಲಿ ಕೋಳಿ ತಂದವನ ಜೊತೆ ಕಂಡಕ್ಟರನ ಜಗಳ. ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಆಕೆ ಒಂದು ಹುಬ್ಬು ಮೇಲಕ್ಕೆತ್ತುತ್ತಿದ್ದಳು. ಒಂದೇ ಹುಬ್ಬು ಏಳುತ್ತಿತ್ತು. ಮಗಳು ಮುಂದುವರಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ಚಹಾದ ಕಪ್ಪು ಹಿಡಿದು, ಯಾವಾಗ ಹೇಳಲಿ, ಹೇಗೆ ಹೇಳಲಿ ಎಂದು ನೋಡುತ್ತಿದ್ದೆ.

ಮಗಳು ಹಿತ್ತಲಿನ ಆಡಿನ ಮರಿ ನೋಡಲು ಓಡಿದಳು. ಆಕೆ ನನ್ನ ಕಡೆ ತಿರುಗಿದಳು. ಆ ಒಂದು ಹುಬ್ಬು ಎದ್ದಿತು. ಕಾದಳು. ನನಗೆ ಗೊತ್ತಿತ್ತು, ಹತ್ತು ಉಸಿರು ಕಾಯುತ್ತಾಳೆ. ನಾನೂ ಎಣಿಸಿದೆ. ನಾಲ್ಕು, ಐದು. ಕಪ್ಪು ಕೆಳಗಿಟ್ಟೆ. ಎಂಟು.

"ಬಸ್ಸಿಗೆ ಹೊತ್ತಾತು. ಬರ್ತೀವ್ರಿ" ಎಂದೆ.

ಆಕೆ ಹುಬ್ಬು ಇಳಿಸಲಿಲ್ಲ. ನಾನು ಹೊಸ್ತಿಲು ದಾಟುವವರೆಗೂ ಇಳಿಸಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು.

ಅಲ್ಲಿಂದೀಚೆಗೆ ನನಗೆ ಮೌನ ಎಂದರೆ ಆಗುವುದಿಲ್ಲ. ಮಗಳನ್ನು ಮಾನ್ವಿಗೆ ಕೊಟ್ಟ ಮೇಲೆ ನಾವೂ ಇಲ್ಲಿಗೇ ಬಂದೆವು. ಓಣಿಯ ತುದಿಗೆ ಹಿಟ್ಟಿನ ಗಿರಣಿ ಇದೆ. ನಡುಮಧ್ಯಾಹ್ನ ಕರೆಂಟು ಹೋಗಿ ಅದು ಥಟ್ಟನೆ ನಿಂತರೆ, ನನ್ನ ಎದುರಿಗೆ ಯಾರೋ ಮೊಣಕಾಲೂರಿ, ಚಮಚ ಎತ್ತಿ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತಾ ಕೂತಂತೆ ಅನಿಸುತ್ತದೆ. ಗಿರಣಿ ಮತ್ತೆ ಶುರುವಾಗುವವರೆಗೆ ಕೈಕೆಲಸ ಸಾಗುವುದಿಲ್ಲ. ಇದನ್ನು ಯಾರಿಗೂ ಹೇಳಿದವಳಲ್ಲ.

ಸಕ್ಕರೆ ಹಂಚಿದ ಮೂರನೇ ದಿನ. ಮೊಮ್ಮಗ ನನ್ನ ಮುಂದೆ ಕೂತಿದ್ದ. ಈ ಮೂರು ದಿನದಲ್ಲಿ ನೂರು ಸಲ 'ಆಮ್ಯಾ' ಎಂದಿದ್ದಾನೆ, ಬೆಕ್ಕಿಗೆ, ಬಕೆಟ್ಟಿಗೆ, ಅವನಪ್ಪನ ಸೈಕಲ್ಲಿಗೆ. ಒಂದೊಂದು ಸಲಕ್ಕೂ ನಾನು ಮುದ್ದಿಟ್ಟಿದ್ದೇನೆ. ಒಳಗೆ ಮಗಳು ರೊಟ್ಟಿ ಬಡಿಯುತ್ತಿದ್ದಳು. ಅವನಿಗೆ ಏನು ಹೇಳಲಿ ಎಂದು ನೋಡಿ, ಗುಬ್ಬಿ ಕಾಣದೆ, ಬಾಯಿಗೆ ಬಂದದ್ದು ಹೇಳಿದೆ.

"ನಿಮ್ಮವ್ವ ಸಣ್ಣಾಕಿ ಇದ್ಲು ನೋಡಪ್ಪಾ. ಆಗ ಒಬ್ಬಾಕಿ ಆಯಾ ಇದ್ಲು. ನಿಮ್ಮವ್ವಗ ಇರುವಿ ತೋರಿಸ್ತಿದ್ಲು, ಅಂಬಲಿ ಉಣಸ್ತಿದ್ಲು. ಒಂದಿನ ಆಕಿ ತನ್ನ ಊರಿಗೆ ಹೋಗಿಬಿಟ್ಲು."

"ಆಮ್ಯಾ?"

ಇಷ್ಟು ವರ್ಷ ಆ ಮಾತಿಗೆ ನಾನು ಅಲ್ಲೇ ಪೂರ್ಣವಿರಾಮ ಇಟ್ಟಿದ್ದೆ. ಯಾರೂ ಮುಂದೆ ಕೇಳಿರಲಿಲ್ಲ. ಅವನು ಎರಡೂ ಕೈ ನನ್ನ ಮೊಣಕಾಲ ಮೇಲಿಟ್ಟು ಕಾದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಗಿರಣಿಯೂ ನಿಂತಿತ್ತೋ ಏನೋ, ನನಗೆ ಏನೂ ಕೇಳಿಸಲಿಲ್ಲ. ಏಳು, ಎಂಟು.

"ಹೋಗಲಿಲ್ಲಪ್ಪಾ" ಎಂದೆ. "ನಾನ ಕಳಿಸಿದೆ. ಸುಳ್ಳು ಹೇಳಿ ಕಳಿಸಿದೆ."

ಮಗಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಿಂತು ನೋಡಿದಳು. ಬೈಯಬಹುದು, ಎದ್ದು ಹೋಗಬಹುದು ಎಂದುಕೊಂಡೆ. ನನ್ನ ಎದುರಿಗೆ ನೆಲದ ಮೇಲೆ ಕೂತಳು, ನನ್ನ ಮುಖ ಎಲ್ಲಿದೆಯೋ ಅಲ್ಲಿಗೆ ತನ್ನ ಮುಖ ತಂದು.

"ಹಂಗೇನು?" ಎಂದಳು. ತಲೆ ಒಂದು ಕಡೆ ವಾಲಿಸಿ, "ಆಮ್ಯಾಗ?"

ಕೇಳಿ, ಸುಮ್ಮನೆ ಕಾಯುತ್ತಾ ಕೂತಳು.